ಕಿವಿಯ ಮೇಲಿನ ಎಲೆ

ಅವರ ಬಲಗಿವಿಯ ಮೇಲೆ ಯಾವಾಗಲೂ ಒಂದು ಎಲೆ ಸಿಕ್ಕಿಸಿರುತ್ತಿತ್ತು. ನಮ್ಮ ನಿಪ್ಪಾಣಿಯಲ್ಲಿ ಕಿವಿಯ ಮೇಲೆ ಬೀಡಿ ಇಟ್ಟುಕೊಳ್ಳುವ ಗಂಡಸರು ಓಣಿಗೆ ಹತ್ತು ಮಂದಿ ಸಿಗುತ್ತಾರೆ. ಬಡಿಗರು ಪೆನ್ಸಿಲ್ ಇಟ್ಟುಕೊಳ್ಳುತ್ತಾರೆ. ಎಲೆ ಇಟ್ಟುಕೊಂಡವರನ್ನು ನಾನು ಕಂಡದ್ದು ಇವರೊಬ್ಬರನ್ನೇ. ಮಳೆಗಾಲದಲ್ಲಿ ಹಸಿರು ಎಲೆ, ದಸರೆಯ ಹೊತ್ತಿಗೆ ಅರಿಶಿನಕ್ಕೆ ತಿರುಗಿದ್ದು, ಚಳಿ ಬಿದ್ದ ಮೇಲೆ ಬಾದಾಮಿ ಗಿಡದ ಕೆಂಪು ಎಲೆ. ಬಾದಾಮಿ ಎಲೆ ಅಂಗೈಗಿಂತ ದೊಡ್ಡದು. ಅದನ್ನು ಸಿಕ್ಕಿಸಿಕೊಂಡರೆ ಮನುಷ್ಯನಿಗೆ ಆನೆಯ ಕಿವಿ ಬಂದಂತೆ ಕಾಣುತ್ತಿತ್ತು. ಯಾರಾದರೂ ನಕ್ಕರೆ, "ಇವತ್ತ ಯಾವ ತಿಂಗಳ ಅಂತ ನೀವು ಗ್ವಾಡಿ ಮ್ಯಾಲ ನೋಡ್ತೀರಿ, ನಾ ಕಿವಿ ಮ್ಯಾಲ ಇಟ್ಕೋತೀನ್ರಿ" ಅನ್ನುತ್ತಿದ್ದರು.

ಅವರು ನಮ್ಮ ಊರಿನ ಮೂರು ಬಾಗಗಳ ಮಾಲಿ. ಉದ್ಯಾನ ಅನ್ನುವುದು ಬೋರ್ಡಿನ ಮೇಲಿನ ಮಾತು, ನಮ್ಮ ಬಾಯಲ್ಲಿ ಅದು ಬಾಗ. ಪೇಟೆಯ ಹತ್ತಿರ ಸಣ್ಣ ಬಾಗ, ಅಲ್ಲಿಂದ ಮುಂದೆ ನೀರಿನ ಹೊಂಡದ ಸುತ್ತಲಿನ ಹೊಂಡದ ಬಾಗ, ಊರ ಅಂಚಿಗೆ ಮೆಟ್ಟಿಲು ಹತ್ತಿ ಹೋಗುವ ದಿಬ್ಬದ ಬಾಗ. ಖಾಕಿ ಅಂಗಿ, ಮೊಣಕಾಲಿನ ತನಕ ಮಡಚಿದ ಪ್ಯಾಂಟು, ಹೆಗಲ ಮೇಲೆ ಉದ್ದನೆಯ ಕಸಬರಿಗೆ. ಬೆಳಗ್ಗೆ ಸಣ್ಣ ಬಾಗದಿಂದ ಗುಡಿಸುತ್ತ ಹೊರಟರೆ ಮಧ್ಯಾಹ್ನದ ಊಟ ದಿಬ್ಬದ ಬಾಗದ ದೊಡ್ಡ ಆಲದ ಕೆಳಗೆ. ನಾನು ಅವರನ್ನು ಮಾಲಿ ಅಣ್ಣ ಎಂದೇ ಕರೆದೆ, ಕೊನೆಯ ತನಕ.

ನಾನು ಮೂರನೇ ಇಯತ್ತೆ ಕಲಿತವಳು. ಮೂರನೆಯದನ್ನೂ ಪೂರ್ತಿ ಮಾಡಲಿಲ್ಲ. ಹನ್ನೊಂದನೇ ವಯಸ್ಸಿಗೆ ತೊಡೆಯ ಮೇಲೆ ಸೂಪ, ಅಂದರೆ ಮೊರ, ಬಂತು, ಸೂಪದಲ್ಲಿ ಬೀಡಿ ಎಲೆ, ತಂಬಾಕಿನ ಪುಡಿ, ದಾರ. ಎಲೆಯ ಮೇಲೆ ತಗಡಿನ ತುಂಡು ಇಟ್ಟು ಕತ್ತರಿಸುವುದು, ಪುಡಿ ಹಾಕುವುದು, ಸುತ್ತುವುದು, ದಾರ ಕಟ್ಟುವುದು. ನಲವತ್ತು ವರ್ಷ ಇದೇ ಕೆಲಸ. ಎಷ್ಟು ಎಲೆ ಈ ಬೆರಳಲ್ಲಿ ಹಾದು ಹೋಗಿವೆಯೋ ದೇವರಿಗೆ ಗೊತ್ತು. ಆದರೆ ಆ ಎಲೆ ಯಾವ ಗಿಡದ್ದು, ಆ ಗಿಡ ಹೇಗಿರುತ್ತದೆ ಎಂದು ಒಂದು ದಿನವೂ ನೋಡಿದವಳಲ್ಲ. ನನಗೆ ಎಲೆ ಅಂದರೆ ಗೋಣಿಚೀಲದಿಂದ ಬರುವ ವಸ್ತು.

ಆ ಪುಡಿ ಎದೆಯಲ್ಲಿ ಕುಳಿತಿತು. ದಮ್ಮು ಶುರುವಾಯಿತು. ಬಾವಿಯ ಕಟ್ಟೆಗೆ ಹೋಗಿ ಬರಬೇಕಾದರೆ ಮೂರು ಕಡೆ ಕೂರಬೇಕು. ಡಾಕ್ಟರರು, "ಬೀಡಿ ಕೆಲಸ ಬಿಡ್ರಿ, ದಿನಾ ಮುಂಜಾನೆ ಸ್ವಲ್ಪ ಸ್ವಲ್ಪ ನಡೀರಿ" ಎಂದರು. ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ, ಬೀಡಿ ಬಿಡಲಿಲ್ಲ.

ಆ ವರ್ಷದ ನಾಗರ ಪಂಚಮಿಗೆ ಮಗಳು ತವರಿಗೆ ಬಂದಳು. ನನಗೆ ಒಬ್ಬಳೇ ಮಗಳು, ಅಥಣಿಗೆ ಕೊಟ್ಟಿದ್ದೇವೆ. ಉಂಡಿ ಕಟ್ಟುವಾಗ ಪಕ್ಕಕ್ಕೆ ಬಂದು, "ಅವ್ವಾ, ನನಗ ಮೂರ ತಿಂಗಳ" ಅಂದಳು. ಕೈಯಲ್ಲಿದ್ದ ಉಂಡಿ ಹಾಗೇ ಒಡೆದು ಹೋಯಿತು, ಅಷ್ಟು ಗಟ್ಟಿಯಾಗಿ ಹಿಡಿದಿದ್ದೆ ಸಂತೋಷಕ್ಕೆ! ಆದರೆ ಆಕೆಯ ಮುಖ ಅರಳಲಿಲ್ಲ.

"ಅತ್ತ್ಯಾರ ಅಂದಾರ, ಬಾಣಂತನ ನಮ್ಮಲ್ಲೇ ಆಗಲಿ ಅಂತ."

"ಯಾಕ? ಮೊದಲನೇದು ತವರಾಗ ಆಗಬೇಕಲ್ಲ?"

"ನಿಮ್ಮವ್ವಗ ಮೂರ ಮೆಟ್ಟಲ ಹತ್ತಾಕ ಆಗೂದಿಲ್ಲ, ಕೂಸಿಗೆ ಎರಿಯಾಕ ಎಲ್ಲಿಂದ ಆಕ್ಕೈತಿ ಅಂದ್ರು. ಮದವ್ಯಾಗ ನಿನ್ನ ನೋಡ್ಯಾರಲ್ಲ."

ಬೀಗತಿ ಕೆಟ್ಟವಳಲ್ಲ. ಬೇಸಿಗೆಯಲ್ಲಿ ಸಂಬಂಧಿಕರ ಮದುವೆಯಲ್ಲಿ ಮಂಟಪದ ಮೆಟ್ಟಿಲ ಮೇಲೆ ನಾನು ಬಾಯಿ ತೆರೆದು ಕುಳಿತದ್ದನ್ನು ಆಕೆ ಕಣ್ಣಾರೆ ನೋಡಿದ್ದಳು. ಹೇಳಿದ್ದು ಖರೆಯೇ. ಖರೆ ಇದ್ದದ್ದಕ್ಕೇ ಅದು ಎದೆಗೆ ಚುಚ್ಚಿತು. ನಾನು ಮಗಳ ಅತ್ತೆಗೆ ಫೋನ್ ಹಚ್ಚಿಸಿ, "ದಸರಾಕ್ಕ ನಿಪ್ಪಾಣಿಗೆ ಬರ್ರಿ ಬೀಗತ್ಯಾರ. ನನ್ನ ನೋಡಿ ಆಮ್ಯಾಲ ಮಾತಾಡೂಣು" ಎಂದೆ. ಎಂದ ಮೇಲೆ ಹೆದರಿದೆ. ದಸರೆಗೆ ಇದ್ದದ್ದು ಎರಡೇ ತಿಂಗಳು.

ಮರುದಿನ ಹೊರಟೆ. ನಡೆಯುವುದಕ್ಕಿಂತ ನನಗೆ ನಾಚಿಕೆಯೇ ದೊಡ್ಡ ಕಷ್ಟವಾಯಿತು. ಕೊಡ ಇಲ್ಲದೆ, ಬುಟ್ಟಿ ಇಲ್ಲದೆ, ಬರಿಗೈಲಿ ಹೆಂಗಸು ಬೀದಿಯಲ್ಲಿ ಹೋಗುವುದೆಂದರೇನು? ಅದಕ್ಕೆ ಕಾಯಿಪಲ್ಲೆ ತರುವ ಚೀಲ ಹಿಡಿದೆ, ಕೇಳಿದವರಿಗೆ ಸಂತೆಗೆ ಎನ್ನಲು. ಸಣ್ಣ ಬಾಗದ ಮೊದಲನೇ ಬೆಂಚಿಗೆ ಹೋಗಿ ಕುಳಿತುಬಿಟ್ಟೆ. ಅಲ್ಲಿಂದ ಏಳಲಿಲ್ಲ. ಎರಡನೇ ದಿನವೂ ಅಷ್ಟೇ, ಮೂರನೇ ದಿನವೂ ಅಷ್ಟೇ.

ಮೂರನೇ ದಿನ ಮಾಲಿ ಅಣ್ಣ ಎದುರಿಗೆ ಬಂದು ನಿಂತರು. ದೂರದಿಂದ ಕಿವಿಯ ಮೇಲಿನದು ಬೀಡಿ ಎಂದುಕೊಂಡಿದ್ದೆ. ಹತ್ತಿರ ಬಂದಾಗ ಎಲೆ.

"ಅಕ್ಕಾರ, ಇವು ನಿಮ್ಮ ಕೈ ಕೆಲಸ ಏನ್ರಿ?"

ನೋಡಿಕೊಂಡರೆ ನನ್ನ ತೊಡೆಯ ಮೇಲೆ ಆರು ಬೀಡಿ! ಬಿದ್ದ ಎಲೆಗಳನ್ನು ಕೈ ತಾನೇ ಆರಿಸಿ, ಉಗುರಿನಿಂದ ಅಂಚು ಹರಿದು, ಸುತ್ತಿ, ತುದಿ ಮಡಚಿ ಇಟ್ಟಿತ್ತು. ದಾರದ ಬದಲು ಹುಲ್ಲಿನ ಎಳೆ. ನನಗೆ ಗೊತ್ತೇ ಇಲ್ಲ.

"ತಪ್ಪಾತ್ರಿ ಅಣ್ಣಾ. ಕೈ ಸುಮ್ನ ಕುಂದ್ರೂದಿಲ್ರಿ."

"ತಂಬಾಕ ಎಲ್ಲೈತಿ?"

"ಇಲ್ರಿ. ಬರೇ ಎಲಿ."

ಅವರು ಕಸಬರಿಗೆಯ ಕೋಲಿಗೆ ಗದ್ದ ಊರಿ ನಗತೊಡಗಿದರು. "ಅಲ್ಲಿ ಇಬ್ರು ಪೆನ್ಶನ್ ಅಜ್ಜಾಗೋಳು ಕುಂತಾರ ನೋಡ್ರಿ. ಈ ಬೆಂಚಿನ ಬುಡಕ ಬೀಡಿ ಕಂಡು ಮೂರ ದಿನ ಆತು ಮಾತ ಬಿಟ್ಟ. ಬಾಗದಾಗ ಬೀಡಿ ತಂದಾಂವ ನೀ ಅಂತ ಅಂವಾ, ನೀ ಅಂತ ಇಂವಾ. ನಾ ಇಬ್ಬರದೂ ಕಿಸೆ ಹುಡಿಕಿನಿ!"

ನಾನೂ ನಕ್ಕೆ. ನಕ್ಕರೆ ಕೆಮ್ಮು ಬಂತು, ಕೆಮ್ಮು ನಿಲ್ಲಲಿಲ್ಲ. ಅವರು ಬೈಯಲಿಲ್ಲ, ಅಯ್ಯೋ ಪಾಪ ಅನ್ನಲೂ ಇಲ್ಲ. ಕೆಮ್ಮು ನಿಲ್ಲುವ ತನಕ ಕಾದು, ಎಲ್ಲಿಯ ತನಕ ನಡೆಯಬೇಕು, ಯಾಕೆ ನಡೆಯಬೇಕು ಎಂದು ಕೇಳಿದರು. ಬಾಣಂತನದ ಮಾತು, ಬೀಗತಿಯ ಮಾತು ಎಲ್ಲ ಹೇಳಿಬಿಟ್ಟೆ. ಗುರುತಿಲ್ಲದ ಗಂಡಸಿನ ಮುಂದೆ ಅಷ್ಟು ಮಾತಾಡಿದ್ದು ಅದೇ ಮೊದಲು.

"ಹಂಗಾರ ಹಿಂಗ ಮಾಡ್ರಿ" ಎಂದರು. "ಯಾವ ಬೆಂಚಿನ ತನಕ ಹೋಗ್ತೀರಿ, ಆ ಬೆಂಚಿನ ಮ್ಯಾಲ ಒಂದ ಸುತ್ತಿ ಇಡ್ರಿ. ಯಾವ ಗಿಡದ ಬುಡಕ ಕುಂತೀರಿ ಆ ಗಿಡದ ಎಲಿ. ನಾ ಹಿಂದಿಂದ ಗುಡಿಸ್ಕೋತ ಬರ್ತೀನಿ. ನಿಮ್ಮ ಹಾಜರಿ ನನಗ ತಿಳೀತೈತಿ. ಆದ್ರ ಬಿದ್ದ ಎಲಿ ಅಷ್ಟ. ಗಿಡದ ಮ್ಯಾಲಿಂದು ಹರಿಯೂದಲ್ಲ."

ಆ ಒಂದು ಮಾತಿನಿಂದ ನನ್ನ ನಡಿಗೆಗೆ ಕೆಲಸ ಸಿಕ್ಕಂತಾಯಿತು. ನಾಚಿಕೆ ಹೋಯಿತು, ಚೀಲ ಮನೆಯ ಗೂಟಕ್ಕೆ ಹೋಯಿತು. ಎರಡನೇ ಬೆಂಚು ಮುಟ್ಟಲು ಒಂದು ವಾರ ಬೇಕಾಯಿತು. ಅಲ್ಲಿ ಮಳೆಮರದ ಎಲೆ, ಉಗುರಿನಷ್ಟು ಸಣ್ಣದು, ಅದನ್ನು ಸುತ್ತಲು ಹೋಗಿ ಸೋತು ಬರೀ ಕಡ್ಡಿಯನ್ನೇ ಇಟ್ಟು ಬಂದೆ. ಮರುದಿನ ಅಣ್ಣ, "ನಿನ್ನೆ ಹಾಜರಿ ಅರ್ಧಾ ಹಾಕೀನ್ರಿ" ಎಂದರು. ನಾಲ್ಕನೇ ಬೆಂಚಿಗೆ ಇಣಚಿಗಳ, ಅಂದರೆ ಅಳಿಲುಗಳ ಕಾಟ. ನಾನು ಸುತ್ತಿಟ್ಟು ಏಳುವುದರೊಳಗೆ ಬಂದು ಮೂಸಿ, ಉರುಳಿಸಿ, ಏನೂ ಇಲ್ಲವೆಂದು ಬಾಲ ಕುಣಿಸಿ ಬೈದು ಹೋಗುತ್ತಿದ್ದವು.

ಹೋಗುತ್ತ ಹೋಗುತ್ತ ನನ್ನ ತಲೆ ಮೇಲಕ್ಕೆ ಎದ್ದಿತು. ನಲವತ್ತು ವರ್ಷ ಬಗ್ಗಿಸಿಕೊಂಡಿದ್ದ ತಲೆ! ಬಿದ್ದ ಎಲೆ ಯಾವ ಗಿಡದ್ದೆಂದು ತಿಳಿಯಲು ಮೇಲೆ ನೋಡಲೇಬೇಕಲ್ಲ. ನೋಡಿದರೆ ಅಲ್ಲಿ ಒಂದು ಊರೇ ಇದೆ. ಗಿಳಿಗಳ ಜಗಳ, ಎಲೆಯ ಬೆನ್ನಿಗೆ ಅಂಟಿದ ಗೂಡು, ಎಲೆಯೊಳಗಿಂದ ತೂರಿ ಬರುವ ಹಸಿರು ಬಿಸಿಲು.

ಭಾದ್ರಪದದ ಕೊನೆಗೆ ಒಂದು ರಾತ್ರಿ ಕಳೆದು ಬೆಳಗಾಗುವಾಗ ದಮ್ಮು ಏರಿತು. ಎರಡು ದಿನ ಹಾಸಿಗೆ. ಮೂರನೇ ದಿನ ಬಾಗಿಲಲ್ಲಿ ಕಸಬರಿಗೆ ಊರಿದ ಸಪ್ಪಳ.

"ಗೈರಹಾಜರಿ ಬಿದ್ದಾವ್ರಿ ಅಕ್ಕಾರ."

"ನನಗ ಆಗೂದಿಲ್ಲ ಅಣ್ಣಾ. ಬೀಗತಿ ಹೇಳಿದ್ದ ಖರೆ ಐತಿ. ಬಿಟ್ಟಬಿಡ್ರಿ."

ಅವರು ಕಸಬರಿಗೆಯನ್ನು ಬಾಗಿಲಿಗೆ ಒರಗಿಸಿದರು. "ಹೊಂಡದ ಬಾಗಕ್ಕ ಪಾವಣ್ಯಾರು ಬಂದಾರ. ನೋಡಾಕ ಬರ್ತೀರೇನು ಕೇಳಾಕ ಬಂದಿದ್ದೆ" ಎಂದರು.

ಯಾರ ಮನೆಯ ನೆಂಟರು ಈ ಪಾವಣ್ಯಾರು ಎಂದು ಸೆರಗು ಸರಿ ಮಾಡಿಕೊಂಡು ಹೊರಟೆ. ನಮ್ಮವರು ತಂಬಾಕಿನ ವಖಾರಿಗೆ ಹೋಗುವವರು, ಆ ದಿನ ರಜೆ ಹಾಕಿ ನನ್ನ ಜೊತೆ ಬಂದರು. ಕುಳಿತು ಎದ್ದು, ಕುಳಿತು ಎದ್ದು ಹೊಂಡದ ಅಂಚಿಗೆ ಹೋದರೆ, ಅಲ್ಲಿ ಪಾವಣ್ಯಾರು ಎಂದರೆ ಒಂದು ಹಕ್ಕಿ! ಗುಬ್ಬಿಗಿಂತ ಸ್ವಲ್ಪ ಉದ್ದ, ಹೊಟ್ಟೆ ಹಳದಿ, ಬೆನ್ನು ಬೂದಿ. ಒಂದು ಕ್ಷಣ ಸುಮ್ಮನಿರದೆ ಬಾಲ ಮೇಲೆ ಕೆಳಗೆ ಆಡಿಸುತ್ತ ನೀರಿನ ಅಂಚಿಗೆ ಓಡುತ್ತಿತ್ತು.

"ಪ್ರತಿ ವರ್ಷ ಮಳಿ ಮುಗಿಯೂ ಹೊತ್ತಿಗೆ ಬರ್ತಾವ್ರಿ" ಎಂದರು ಅಣ್ಣ, ದನಿ ತಗ್ಗಿಸಿ. "ಹಿಮದ ಗುಡ್ಡದ ಕಡಿಂದ ಅಂತಾರ ಕಲಿತಾವ್ರು. ಬೊಗಸಿ ತುಂಬೂವಷ್ಟೂ ಇಲ್ಲ ನೋಡ್ರಿ. ಒಂದ ಉಸರಿಗೆ ಬಂದಾವಂದ್ಕೊಂಡೀರೇನು? ಕುಂತ್ಕೋತ, ಎದ್ಕೋತ ಬಂದಾವ. ಕುಂತ್ಕೋತ ಬರೂದೂ ಬರೂದ ಅಲ್ರಿ?"

ನಾನು ಬಿದ್ದ ಎಲೆಯೊಂದನ್ನು ಆರಿಸಿಕೊಂಡು ಬೆಂಚಿಗೆ ಕುಳಿತೆ. ಆ ದಿನ ನಾನು ಹೊಂಡದ ಬಾಗದಲ್ಲಿದ್ದೇನೆ, ಎರಡನೇ ಬಾಗಕ್ಕೆ ಬಂದುಬಿಟ್ಟಿದ್ದೇನೆ ಎಂದು ತಿಳಿದದ್ದು ಬೆಂಚಿನ ಮೇಲೆ ಎಲೆ ಸುತ್ತಿ ಇಡುವಾಗಲೇ.

ಹೊಂಡದ ಬಾಗದಲ್ಲಿ ಇನ್ನೊಂದು ಮಜಾ ಇತ್ತು. ಅಲ್ಲಿ ಗಿಡಗಳಿಗೆ ಹೆಸರಿನ ತಗಡು ಬಡಿದಿದ್ದರು. ಒಂದು ಗಿಡಕ್ಕೆ 'ಆಪಟಾ' ಎಂದು ಬರೆದಿತ್ತು. ಗಡಿಯ ಊರು ನಮ್ಮದು, ದಸರೆಗೆ ಬನ್ನಿಯೆಂದು, ಬಂಗಾರವೆಂದು ಕೊಡುವುದು ಈ ಆಪಟೆಯ ಎಲೆಯನ್ನೇ, ದನದ ಗೊರಸಿನಂತೆ ನಡುವೆ ಸೀಳಿದ ಎಲೆ. ಕೆಳಗೆ ಬಿದ್ದದ್ದನ್ನು ಆರಿಸಿ ಬೆರಳಲ್ಲಿ ತಿಕ್ಕಿದೆ. ತೆಳುವು, ನುಣುಪು, ದೊಡ್ಡದು. ಆಪಟೆ ಹೀಗಿರುವುದಿಲ್ಲ, ಅದು ಗಿಡ್ಡ, ದಪ್ಪ, ಬೆರಳಿಗೆ ಒರಟು. ಎಳವೆಯಲ್ಲಿ ಎಲೆ ಸಿಗದಾಗ ಅದರಲ್ಲೂ ಬೀಡಿ ಸುತ್ತಿದ ಕೈ ಇದು.

"ಅಣ್ಣಾ, ಇದು ಆಪಟಾ ಅಲ್ರಿ. ಬೋರ್ಡ ತಪ್ಪೈತಿ."

ಅವರು ಅತ್ತಿತ್ತ ನೋಡಿ ತುಟಿಯ ಮೇಲೆ ಬೆರಳಿಟ್ಟರು. "ಕಾಂಚನದ ಗಿಡ ಅದು. ಇಷ್ಟ ವರ್ಷದಾಗ ಗುರ್ತ ಹಿಡದಾವ್ರು ನೀವ ಒಬ್ರ. ಆ ತಗಡ ನಾ ಬಡದಿಲ್ಲ, ಖರೆ ನಾ ತಗದೂ ಇಲ್ಲ. ದಸರಾಕ್ಕ ಊರ ಮಂದಿ ಬಂದು ಓದಿ ಓದಿ ಇದನ್ನ ಹರೀತಾರ. ಇದು ದೊಡ್ಡ ಗಿಡ, ತಡಕೋತೈತಿ."

ಖರೆ ಆಪಟೆ ಹಿಂದೆ ಬೇಲಿಯ ಹತ್ತಿರ ಇತ್ತು, ನನ್ನೆತ್ತರದ್ದು. ಒಂದು ಎಲೆ ತಿರುಗಿಸಿ ತೋರಿಸಿದರು. ಎಲೆಯಷ್ಟೇ ಹಸಿರಾದ ಒಂದು ಹುಳ, ತಲೆಯ ಮೇಲೆ ನಾಲ್ಕು ಕೊಂಬು, ಸಿಂಹಾಸನದ ಮೇಲೆ ಕುಳಿತಂತೆ ಕುಳಿತಿತ್ತು. "ಇದ ಚಿಟ್ಟಿ ಆಕ್ಕೈತ್ರಿ. ಇದರ ಮನಿ ಹರದು ನಾವ ಬಂಗಾರ ಅಂತ ಹಂಚೂದೇನು?"

ದಸರೆಯ ಹಿಂದಿನ ದಿನ ಬೀಗತಿ ಬಂದಳು. ಗಟ್ಟಿ ಆಳು, ಏಳನೇ ಇಯತ್ತೆ ಪಾಸು, ಇಳಕಲ್ಲ ಸೀರೆ, ಹಬ್ಬಕ್ಕೆ ಕೊಂಡ ಹೊಸ ಚಪ್ಪಲಿ. ಹಬ್ಬದ ಮುಂಜಾನೆ ನಾನು, "ಬರ್ರಿ ಬೀಗತ್ಯಾರ, ಮೂರೂ ಬಾಗ ನೋಡಿ ಬರೂಣು" ಎಂದೆ. ಅಲ್ಲಿಯ ತನಕ ದಿಬ್ಬದ ಬಾಗದ ಮೆಟ್ಟಿಲನ್ನು ನಾನು ಒಮ್ಮೆಯೂ ಪೂರ್ತಿ ಹತ್ತಿರಲಿಲ್ಲ. ಇಪ್ಪತ್ತೆರಡು ಮೆಟ್ಟಿಲು. ಹನ್ನೆರಡಕ್ಕೆ ಸೋತು ಇಳಿದಿದ್ದೆ. ಇದು ಗೊತ್ತಿದ್ದದ್ದು ಮಾಲಿ ಅಣ್ಣನಿಗೆ ಮಾತ್ರ.

ಸಣ್ಣ ಬಾಗದ ಬಾಗಿಲಲ್ಲೇ ಅವರು ಕಾದಿದ್ದರು. ಆ ದಿನ ಅವರ ಎರಡೂ ಕಿವಿಯ ಮೇಲೆ ಎಲೆ ಇತ್ತು.

ಬೀಗತಿ ನನ್ನ ಕಿವಿಯಲ್ಲಿ, "ಈತಗ ತಲಿ ನೆಟ್ಟಗ ಐತೇನ್ರಿ?" ಎಂದಳು.

"ಎರಡ ಕಿವಿ ಅದಾವಂತ ಎರಡ ಹಬ್ಬ ಮಾಡಾಕತ್ತೇನ್ರಿ ತಾಯಿ" ಎಂದರು ಅಣ್ಣ. ಅವರಿಗೆ ಕೇಳಿಸಿತ್ತು.

ಆ ಮುಂಜಾನೆಯನ್ನು ನಾನು ಹೇಗೆ ಹೇಳಲಿ! ಮಳೆ ತೊಳೆದ ಆಕಾಶ, ಹುಲ್ಲಿನ ಮೇಲೆ ಮಂಜಿನ ಹನಿ, ಗಾಳಿಯಲ್ಲಿ ನೂರಾರು ಏರೋಪ್ಲೇನ್ ಚಿಟ್ಟೆ. ಬಾದಾಮಿ ಗಿಡದಲ್ಲಿ ಅಲ್ಲೊಂದು ಇಲ್ಲೊಂದು ಎಲೆ ಕುಂಕುಮವಾಗಿತ್ತು. ನಾನು ಮೊದಲನೇ ಬೆಂಚಿಗೆ ಕುಳಿತು, ಎಲೆ ಸುತ್ತಿಟ್ಟು ಎದ್ದೆ. ಮುಂದಿನ ಬೆಂಚು, ಮತ್ತೆ ಸುತ್ತಿಟ್ಟು ಎದ್ದೆ. ಬೀಗತಿ ದೊಡ್ಡ ದೊಡ್ಡ ಹೆಜ್ಜೆ ಹಾಕಿ ಮುಂದೆ ಹೋಗಿ ನಿಂತು, "ಎಷ್ಟ ಸಲ ಕುಂದ್ರೂದ ಇದು?" ಎಂದು ನೋಡುತ್ತಿದ್ದಳು.

ಹೊಂಡದ ಬಾಗದಲ್ಲಿ ಕಾಂಚನ ಮೈತುಂಬ ನೇರಳೆ ಹೂ ಬಿಟ್ಟಿತ್ತು. ಹೆಬ್ಬೆರಳಷ್ಟು ಹಕ್ಕಿಗಳು ಹೂವಿಗೆ ಜೋತು ಬಿದ್ದಿದ್ದವು. ಬೀಗತಿ ತಗಡು ಓದಿದಳು. "ನೋಡ್ರಿ, ಆಪಟಾ! ಪ್ಯಾಟ್ಯಾಗ ಕೊಳ್ಳೂದ ಯಾಕ?" ಎಂದು ಸೆರಗಿನ ತುಂಬ ಹರಿದಳು. ನಾನು ಅಣ್ಣನ ಮುಖ ನೋಡಿದೆ. ಅವರು ಹೊಂಡದ ಕಡೆ ನೋಡುತ್ತ ಕೆಮ್ಮಿದರು. ಬೇಲಿಯ ಹತ್ತಿರದ ಗಿಡ್ಡ ಗಿಡ ಸುಮ್ಮನೆ ನಿಂತಿತ್ತು.

ದಿಬ್ಬದ ಬಾಗದ ಬುಡಕ್ಕೆ ಬರುವಷ್ಟರಲ್ಲಿ ಬೀಗತಿಯ ಹೊಸ ಚಪ್ಪಲಿ ಕಚ್ಚಿತ್ತು. ಕುಂಟುತ್ತ ನಾಲ್ಕು ಮೆಟ್ಟಿಲು ಹತ್ತಿ ಕುಳಿತಳು. ನಾನು ಆರಕ್ಕೆ ಕುಳಿತೆ, ಹನ್ನೆರಡಕ್ಕೆ ಕುಳಿತೆ. ಹನ್ನೆರಡರ ಮೇಲೆ ಕಾಲು ಎತ್ತಲು ಹೋದರೆ ಎದೆ ಕಟ್ಟಿತು. ಕೆಳಗಿನಿಂದ ಬೀಗತಿ ನೋಡುತ್ತಿದ್ದಾಳೆ. ಮಗಳ ಮುಖ ಕಣ್ಣೆದುರಿಗೆ ಬಂತು. ಅಣ್ಣ ಮೂರು ಮೆಟ್ಟಿಲು ಮೇಲೆ ನಿಂತು, ನನ್ನ ಕಡೆ ನೋಡದೆ, ಮೆಟ್ಟಿಲು ಗುಡಿಸುತ್ತ, "ಪಾವಣ್ಯಾರು ಬಾಲ ಆಡಸ್ಕೋತ ಬಂದ್ರು" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಕುಳಿತಲ್ಲೇ ನಕ್ಕೆ. ನಕ್ಕರೂ ಕೆಮ್ಮು ಬರಲಿಲ್ಲ. ಎದ್ದೆ. ಹದಿನೆಂಟಕ್ಕೆ ಇನ್ನೊಮ್ಮೆ ಕುಳಿತೆ. ಆಮೇಲೆ ಮೇಲಿದ್ದೆ. ಆಲದ ಗಿಡ, ಅದರ ತುಂಬ ತಲೆಕೆಳಗಾಗಿ ಜೋತ ಬಾವಲಿಗಳು, ಕೆಳಗೆ ನಿಪ್ಪಾಣಿಯ ಹೆಂಚು ಹೆಂಚು ಮನೆ. ನಾನು ಹುಟ್ಟಿದ ಊರನ್ನು ಮೊದಲ ಸಲ ಮೇಲಿನಿಂದ ನೋಡಿದೆ!

ಕೆಳಗಿನಿಂದ ಬೀಗತಿ ಕೂಗಿದಳು. "ಬೀಗತ್ಯಾರ, ದಮ್ಮ ಇರೂದು ನಿಮಗೋ, ನನಗೋ?"

ಚಪ್ಪಲಿ ಕೈಯಲ್ಲಿ ಹಿಡಿದು ಅವಳೂ ಹತ್ತಿ ಬಂದಳು. ಆಗ ಅಣ್ಣ ಎರಡೂ ಕಿವಿಯ ಮೇಲಿನ ಎಲೆ ತೆಗೆದು ನಮ್ಮಿಬ್ಬರ ಕೈಗೆ ಒಂದೊಂದು ಇಟ್ಟರು. ಖರೆ ಆಪಟೆ, ಬಿದ್ದದ್ದನ್ನು ಆರಿಸಿದ್ದು. "ಬನ್ನಿ ಸಂಜಿಗೆ ಕೊಡೂದು, ಗೊತ್ತೈತಿ. ಖರೆ ಈಗ ತಗೋರಿ. ಒಂದ ಎಲಿ ಸಾಕ್ರಿ, ಬಂಗಾರ ಉಡಿ ತುಂಬಿದ್ರ ಅಷ್ಟ ಬಂಗಾರ ಏನು?" ಬೀಗತಿ ತನ್ನ ಸೆರಗಿನ ಕಡೆ ನೋಡಿಕೊಂಡಳು.

ಆ ಎಲೆಯನ್ನೇ ಬನ್ನಿಯೆಂದು ಕೊಟ್ಟು ನನ್ನ ಕೈ ಹಿಡಿದು ಹೇಳಿದಳು: "ಸೀಮಂತದ ಕುಬಸ ಆದ ಮ್ಯಾಲ ಸೊಸಿನ್ನ ಕಳಸ್ತೀನಿ. ಖರೆ ಒಂದ ಮಾತ. ಕೂಸ ಇರೂ ಮನ್ಯಾಗ ತಂಬಾಕ ಇರಬಾರದು."

ಮರುದಿನದಿಂದ ಸೂಪದಲ್ಲಿ ತಂಬಾಕು ಬೀಳಲಿಲ್ಲ. ಅಣ್ಣ ಬಾಗದ ಬೀಜ ತಂದು ಸುರಿದರು, ಕೇರಿ, ಹಸನು ಮಾಡಿ, ಬೇರೆ ಬೇರೆ ಕಟ್ಟಿ ಕೊಡುವ ಕೆಲಸ. ಕೈಗಳು ಸುಮ್ಮನೆ ಕೂರಲಿಲ್ಲ.

ಮೊಮ್ಮಗಳು ಬಾದಾಮಿ ಗಿಡ ಪೂರ್ತಿ ಕೆಂಪಾದ ಕಾಲಕ್ಕೆ ಹುಟ್ಟಿದಳು, ನನ್ನ ಮನೆಯಲ್ಲಿ. ಕಾಲು ಚಾಚಿ, ಮೊಣಕಾಲಿನ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಐದು ತಿಂಗಳು ದಿನವೂ ನಾನೇ ಎರೆದೆ. ಒಂದು ದಿನವೂ ಇನ್ನೊಬ್ಬರ ಕೈಗೆ ಕೊಡಲಿಲ್ಲ. ತೊಟ್ಟಿಲ ದಿನ ಅಣ್ಣ ನೀರಿಗೆ ಹಾಕಲು ಬೇವಿನ ಸೊಪ್ಪು ತಂದು ಹೊಸ್ತಿಲ ಹೊರಗೇ ನಿಂತರು. ಒಳಗೆ ಬನ್ನಿ ಅಂದರೆ, ಕಾಲು ಕೆಸರು ಎಂದರು. ಕೂಸನ್ನು ಹೊರಗೆ ಒಯ್ದು ತೋರಿಸಿದೆ. ಬಹಳ ಹೊತ್ತು ನೋಡಿ, "ಅಕ್ಕಾರ, ಇವತ್ತಿನ ಹಾಜರಿ ಪೂರಾ" ಎಂದರು.

ಕೆಲಸದಿಂದ ನಿವೃತ್ತಿಯಾದ ಮೇಲೂ ಅವರು ಬಾಗ ಬಿಡಲಿಲ್ಲ. ಮೊಮ್ಮಗಳಿಗೆ ಆರು ವರ್ಷ ತುಂಬಿದ ಸಲ, ಪಾವಣ್ಯಾರು ಬರುವ ಹೊತ್ತಿಗೆ, ಮೂರು ದಿನದ ಜ್ವರದಲ್ಲಿ ತೀರಿಕೊಂಡರು. ನಾನು ಹೋದಾಗ ಅಂಗಳದಲ್ಲಿ ಮಲಗಿಸಿದ್ದರು. ಹೂವಿನ ಹಾರ ಬೇಕಾದಷ್ಟು ಇತ್ತು. ಬಲಗಿವಿ ಮಾತ್ರ ಬರಿದು. ಅದು ಅವರ ಮುಖ ಅನ್ನಿಸಲೇ ಇಲ್ಲ ನನಗೆ. ಬಾಗಿಲ ಮುಂದಿನ ಗಿಡದ ಬುಡದಲ್ಲಿ ಒಂದು ಎಲೆ ಆರಿಸಿ ತಂದು ಸಿಕ್ಕಿಸಿದೆ. ಬಿದ್ದದ್ದೇ, ಹರಿದದ್ದಲ್ಲ.

ಈಗ ಮೊಮ್ಮಗಳಿಗೆ ಎಂಟು ವರ್ಷ, ನನ್ನನ್ನು ಆಯಿ ಎನ್ನುತ್ತಾಳೆ. ದಸರೆಯ ಸೂಟಿಗೆ ಅಥಣಿಯಿಂದ ಬಂದಳೆಂದರೆ ಮರುದಿನ ಮುಂಜಾನೆಯೇ ನಾವಿಬ್ಬರೂ ಹೊರಡುತ್ತೇವೆ. ಈ ಸಲ ಹೊಂಡದ ಬಾಗದಲ್ಲಿ ಹೊಸ ಮಾಲಿ ನಮ್ಮನ್ನು ತಡೆದ.

"ಅಜ್ಜೀ, ಇಲ್ಲಿ ಯಾರೋ ಬೆಂಚ ಬೆಂಚಿಗೆ ಬೀಡಿ ಸುತ್ತಿ ಇಡಾಕತ್ತಾರ. ನೋಡೀರೇನ್ರಿ?"

ನಾನು ಬಾಯಿ ತೆರೆಯುವುದರೊಳಗೆ ಮೊಮ್ಮಗಳು ಮುಂದೆ ಬಂದಳು. "ಅವು ಬೀಡಿ ಅಲ್ರಿ ಕಾಕಾ, ಹಾಜರಿ. ದೊಡ್ಡದು ನಮ್ಮ ಆಯೀದು, ಸಣ್ಣದು ನಂದು."

"ಹಾಜರಿ ತಗೊಳ್ಳಾವ್ರು ಯಾರವಾ?"

ಆಕೆ ನನ್ನ ಮುಖ ನೋಡಿದಳು. ನಾನು ಅವನ ಕೈಯ ಕಸಬರಿಗೆಯನ್ನು ನೋಡಿದೆ. ಅವನು ಬೆಂಚಿನ ಸುತ್ತ ಗುಡಿಸಿದ, ಬೆಂಚಿನ ಮೇಲಿನ ಎರಡನ್ನೂ ಹಾಗೇ ಬಿಟ್ಟು ಮುಂದೆ ಹೋದ.

ದಿಬ್ಬದ ಬಾಗಕ್ಕೆ ಬಂದಾಗ ಮೊಮ್ಮಗಳು ಒಂದು ಹಳದಿ ಎಲೆ ಆರಿಸಿ ಕಿವಿಯ ಮೇಲೆ ಸಿಕ್ಕಿಸಿಕೊಂಡು ಇಪ್ಪತ್ತೆರಡು ಮೆಟ್ಟಿಲನ್ನೂ ಒಂದೇ ಉಸಿರಿಗೆ ಓಡಿ ಹತ್ತಿದಳು. "ಆಯೀ, ಬಾ ಲಗೂನ!" ಎಂದು ಮೇಲಿನಿಂದ ಕೂಗಿದಳು. ನಾನು ಹನ್ನೆರಡನೆಯದಕ್ಕೆ ಕುಳಿತೆ. ಮತ್ತೆ ಎದ್ದೆ.